ಹಿಮ ಕುಡಿದ ಪಂಡಿತ: ಲಿಯಾಂಗ್ ಚಿಚಾವೊ ಮತ್ತು ಅವರ ಪತ್ರಿಕೆಗಳು

(ವಾಚನಾಲಯವೊಂದರ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಚೀನದೇಶದ ಪುರಾತನ ತತ್ತ್ವಜ್ಞನಾದ ಚುವಾಂಗ್‌ತ್ಸುವಿನ ಗ್ರಂಥದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಅರಸನು ತನ್ನ ಸರದಾರನೊಬ್ಬನಿಗೆ ಪರರಾಜ್ಯಕ್ಕೆ ರಾಯಭಾರಿಯಾಗಿ ಹೋಗಬೇಕೆಂದು ಅಪ್ಪಣೆ ಮಾಡುತ್ತಾನೆ. ಕಾರ್ಯವು ಕೆಟ್ಟರೆ ರಾಜದಂಡನೆ. ಕೈಗೂಡಿದರೂ ಚಿಂತೆಯ ದೆಸೆಯಿಂದ ದೇಹಕ್ಕೆ ವ್ಯಾಧಿ. ಮುಂಜಾನೆ ಅಪ್ಪಣೆ ಪಡೆದ ಆ ಸರದಾರನು ಸಂಜೆಗೆ ಹಿಮವನ್ನು ಕುಡಿಯತೊಡಗುತ್ತಾನೆ. ಅಷ್ಟು ಉರಿ ಅವನ ಒಳಗೆ ಹೊತ್ತಿಕೊಂಡಿರುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಪ್ರಸಂಗದಿಂದ ಒಬ್ಬ ಲೇಖಕರು ತಮ್ಮ ಬರೆವಣಿಗೆಯ ಕೋಣೆಗೆ ಹೆಸರನ್ನು ತೆಗೆದುಕೊಂಡರು. 'ಹಿಮಪಾನಗೃಹದ ಯಜಮಾನ' ಎಂಬದು ಅವರ ಅಂಕಿತವಾಯಿತು. ಅವರಿಗೆ ಅಪ್ಪಣೆ ಮಾಡಿದವನು ಅರಸನಲ್ಲ. ತಮ್ಮ ದೇಶದ ದುರವಸ್ಥೆಯೇ ತಮ್ಮನ್ನು ಕರೆದು ಕೆಲಸಕ್ಕೆ ಹಚ್ಚಿತೆಂದು ಅವರು ತಿಳಿದಿದ್ದರು. ಆ ಮಹನೀಯರೇ ಲಿಯಾಂಗ್ ಚಿಚಾವೊ. 1873ರಲ್ಲಿ ಹುಟ್ಟಿ 1929ರಲ್ಲಿ ತೀರಿಕೊಂಡ ಇವರ ವಿಷಯವಾಗಿ ನಾವು ಇಂದು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿರುವೆವು. ಚೀನೀ ಹೆಸರುಗಳ ಉಚ್ಚಾರವು ನಮ್ಮ ನಾಲಗೆಗೆ ಸುಲಭವಾಗಿ ಒಗ್ಗುವಂಥದಲ್ಲ. ಅಲ್ಲಲ್ಲಿ ತಪ್ಪಿದರೆ ಸಭೆಯು ಕ್ಷಮಿಸಬೇಕು.

ಲಿಯಾಂಗರು ಮಂತ್ರಿಗಳಾಗಿದ್ದರು, ಪಕ್ಷದ ಮುಂದಾಳುಗಳಾಗಿದ್ದರು, ಇತಿಹಾಸದ ಅಧ್ಯಾಪಕರಾಗಿದ್ದರು. ಆದರೆ ಅವರ ಜೀವವು ನೆಲೆಸಿದ್ದದ್ದು ಪತ್ರಿಕೆಯಲ್ಲಿ. ಅವರ ಮೇಲೆ ಪಂಡಿತರು ಹೊರಿಸುವ ದೋಷಾರೋಪಗಳು ಮುಖ್ಯವಾಗಿ ಮೂರು: ಅವರ ಅಭಿಪ್ರಾಯವು ಒಂದೆಡೆ ನಿಲ್ಲಲಿಲ್ಲ, ಹಿಡಿದ ಬರೆಹವನ್ನು ಅವರು ಮುಗಿಸಲಿಲ್ಲ, ಅವರ ಗದ್ಯವು ಶಾಸ್ತ್ರಶುದ್ಧವಾದದ್ದಲ್ಲ. ಈ ಮೂರೂ ನಿಜವಾದವುಗಳೇ. ಆದರೆ ಈ ದೋಷಗಳು ಹುಟ್ಟಿದ ಒಲೆಯಿಂದಲೇ ಅವರ ಗುಣಗಳೂ ಹುಟ್ಟಿದವು, ಮತ್ತು ಆ ಸ್ವಭಾವಕ್ಕೆ ತಕ್ಕ ಪಾತ್ರೆಯು ಗ್ರಂಥವಲ್ಲ, ಪತ್ರಿಕೆಯೇ ಎಂಬದನ್ನು ತೋರಿಸುವದು ನಮ್ಮ ಇಂದಿನ ಉದ್ದೇಶ.

ಕ್ವಾಂಗ್‌ತುಂಗ್ ಪ್ರಾಂತದ ಕಡಲಂಚಿನ ಒಂದು ಹಳ್ಳಿ ಅವರ ಹುಟ್ಟೂರು. ಮನೆತನವು ಅರ್ಧ ಒಕ್ಕಲುತನದ್ದು, ಅರ್ಧ ಓದುಬರಹದ್ದು. ಅಜ್ಜನ ಮಗ್ಗುಲಲ್ಲಿ ಕುಳಿತು ಅಕ್ಷರ ಕಲಿತ ಈ ಹುಡುಗನು 1884ರಲ್ಲಿ, ಇನ್ನೂ 11 ವರ್ಷದವನಿರುವಾಗಲೇ, ಸರಕಾರದ ಮೊದಲನೆಯ ಪರೀಕ್ಷೆಯನ್ನು ದಾಟಿದನು. 1889ರಲ್ಲಿ ಪ್ರಾಂತದ ಪರೀಕ್ಷೆಯಲ್ಲಿಯೂ ತೇರ್ಗಡೆಯಾದನು. ಪರೀಕ್ಷಕರಾಗಿದ್ದ ಅಧಿಕಾರಿಗಳು ಇವನ ಪ್ರತಿಭೆಗೆ ಮಾರುಹೋಗಿ ತಮ್ಮ ಮನೆತನದ ಕನ್ಯೆಯನ್ನೇ ಕೊಟ್ಟು ಸಂಬಂಧ ಬೆಳೆಸಿದರು. ಆ ಕಾಲದ ಪರೀಕ್ಷೆಯೆಂದರೇನು? ಕನ್‌ಫ್ಯೂಷಿಯಸನ ಗ್ರಂಥಗಳ ಒಂದು ವಾಕ್ಯವನ್ನು ತೆಗೆದುಕೊಂಡು ಎಂಟು ಅಂಗಗಳ ನಿಬಂಧವನ್ನು ಅಳತೆಗೆ ಸರಿಯಾಗಿ ನೆಯ್ಯುವದು. ಅಂಗವೊಂದು ಕುಂದಿದರೆ ನಿಬಂಧವೇ ಕೆಟ್ಟಿತು. ಈ ವಿದ್ಯೆಯಲ್ಲಿ ನಿಪುಣರಾದ ತರುಣರು 1890ರಲ್ಲಿ ರಾಜಧಾನಿಯ ಪರೀಕ್ಷೆಗೆ ಹೋಗಿ ಸೋತು ಹಿಂದಿರುಗುವಾಗ ಶಾಂಘಾಯಿಯಲ್ಲಿ ಒಂದು ಭೂಗೋಲದ ಪುಸ್ತಕವು ಅವರ ಕೈಗೆ ಬಂದಿತು. ಜಗತ್ತಿನಲ್ಲಿ ಐದು ಖಂಡಗಳಿವೆ, ಹಲವು ರಾಜ್ಯಗಳಿವೆ ಎಂಬದು ಅವರಿಗೆ ಆಗಲೇ ಮೊದಲು ತಿಳಿದದ್ದು. ಪ್ರಾಂತಕ್ಕೆಲ್ಲ ಮೇಧಾವಿಯೆನಿಸಿದ ಪದವೀಧರನಿಗೆ ಭೂಮಿಯ ಆಕಾರವೇ ತಿಳಿದಿರಲಿಲ್ಲ!

ಅದೇ ವರ್ಷ ಅವರಿಗೆ ಗುರುಲಾಭವಾಯಿತು. ಕಾಂಗ್ ಯೂವೆ ಎಂಬ ಪಂಡಿತರು ಸುಧಾರಣೆಯ ವಿಚಾರಗಳಿಂದ ಕ್ವಾಂಗ್‌ತುಂಗಿನಲ್ಲಿ ಹೆಸರಾಗಿದ್ದರು. ಪದವಿಯಲ್ಲಿ ಶಿಷ್ಯನೇ ಗುರುವಿಗಿಂತ ಮೇಲಿನವನು. ಕಾಂಗರು ಇನ್ನೂ ಪ್ರಾಂತದ ಪರೀಕ್ಷೆಯನ್ನು ದಾಟಿರಲಿಲ್ಲ. ಆದರೂ ಮೊದಲ ಭೇಟಿಯಲ್ಲಿ ಮುಂಜಾನೆ ಆರಂಭವಾದ ಮಾತು ರಾತ್ರಿಯವರೆಗೆ ನಡೆದು, ತಾನು ಕಲಿತದ್ದೆಲ್ಲ ಹೊಟ್ಟಿನಂತೆ ಹಾರಿಹೋಯಿತೆಂದು ಕಂಡ ಲಿಯಾಂಗರಿಗೆ ಆ ರಾತ್ರಿ ನಿದ್ದೆಯೇ ಹತ್ತಲಿಲ್ಲ. ಮರುದಿನ ಹೋಗಿ ಶಿಷ್ಯವೃತ್ತಿಯನ್ನು ಬೇಡಿದರು. ಸರಿಯೆಂದು ಕಂಡದ್ದಕ್ಕೆ ಅಂದೇ ತಲೆಬಾಗುವದು, ನಿನ್ನೆಯ ಗಳಿಕೆಯನ್ನು ಇಂದು ತೂರಿಬಿಡಲು ಅಂಜದಿರುವದು, ಇದು ಅವರ ಸ್ವಭಾವ. ಇದನ್ನು ನೆನಪಿನಲ್ಲಿಡೋಣ, ಮುಂದಿನದೆಲ್ಲ ಇದರಿಂದಲೇ ಬಂದಿತು.

1894-95ರ ಯುದ್ಧದಲ್ಲಿ ಚೀನವು ಚಿಕ್ಕ ಜಪಾನಿನ ಕೈಯಲ್ಲಿ ಸೋತಿತು. ಕೌಲಿನ ಪ್ರಕಾರ ಫಾರ್ಮೋಸಾ ದ್ವೀಪವು ಕೈಬಿಟ್ಟಿತು. 20 ಕೋಟಿ ತೇಲ್ ಬೆಳ್ಳಿಯ ದಂಡವು ತಲೆಗೆ ಬಂದಿತು. ಪರೀಕ್ಷೆಗಾಗಿ ಪೀಕಿಂಗಿಗೆ ಬಂದಿದ್ದ ನೂರಾರು ಪದವೀಧರರನ್ನು ಕೂಡಿಸಿ ಗುರುಶಿಷ್ಯರು ಬಾದಶಹನಿಗೆ ಮನವಿ ಬರೆದರು. ಮನವಿಯು ಮುಟ್ಟಬೇಕಾದಲ್ಲಿಗೆ ಮುಟ್ಟಲಿಲ್ಲ. ಆಗ ಅವರಿಗೆ ಹೊಳೆದದ್ದೇನು? ಮೇಲೆ ಇರುವವನೊಬ್ಬನಿಗೆ ಬರೆಯುವದಕ್ಕಿಂತ ಸುತ್ತಲಿರುವ ಸಾವಿರ ಜನರಿಗೆ ಬರೆಯಬೇಕೆಂಬದು. ಅದೇ ವರ್ಷ ಪೀಕಿಂಗಿನಲ್ಲಿ ಒಂದು ಸಣ್ಣ ಪತ್ರವು ಹೊರಟಿತು. ಅಚ್ಚಿನ ಯಂತ್ರವಿರಲಿಲ್ಲ, ಮರದ ಹಲಗೆಯ ಅಚ್ಚು. ರಾಜಾಜ್ಞೆಗಳನ್ನು ಪ್ರಕಟಿಸುವ ಹಳೆಯ ರಾಜಪತ್ರವನ್ನು ಮನೆಮನೆಗೆ ಹಂಚುವ ಆಳುಗಳ ಕೈಯಲ್ಲಿಯೇ ಇದನ್ನೂ ಕೊಟ್ಟು, ಹಣ ಕೇಳದೆ ಅಧಿಕಾರಿಗಳ ಮನೆಗಳಿಗೆ ಮುಟ್ಟಿಸಲಾಗುತ್ತಿತ್ತು. ಲಿಯಾಂಗರು ನಿತ್ಯವೂ ಒಂದು ಲೇಖ ಬರೆಯುವರು. ತಿಂಗಳೊಪ್ಪತ್ತಿನಲ್ಲಿ ದಿನಕ್ಕೆ ಮೂರು ಸಾವಿರದಷ್ಟು ಪ್ರತಿಗಳು ಹೋಗುತ್ತಿದ್ದವು. ಆದರೆ ಗಾಳಿಮಾತುಗಳು ಎದ್ದವು. ಪತ್ರ ತಂದ ಆಳುಗಳನ್ನು ಮನೆಯವರು ಕೆಂಗಣ್ಣಿನಿಂದ ನೋಡತೊಡಗಿದರು. ಕಡೆಗೆ ಹೆಚ್ಚಿನ ಹಣ ಕೊಡುವೆವೆಂದರೂ ಆಳುಗಳು ಒಯ್ಯಲೊಲ್ಲರು. ಇದನ್ನೆಲ್ಲ ಲಿಯಾಂಗರು 1912ರಲ್ಲಿ ಪೀಕಿಂಗಿನ ಪತ್ರಿಕಾಕರ್ತರ ಮುಂದೆ ನಗುನಗುತ್ತ ನೆನೆದರು. ಮೊದಲ ಪತ್ರವು ಹೀಗೆ ಮುಳುಗಿತು.

1896ನೆಯ ಆಗಸ್ಟ್ 9ರಂದು ಶಾಂಘಾಯಿಯಲ್ಲಿ 'ಶಿವೂ ಪಾವೊ' ಎಂಬ ಪತ್ರಿಕೆಯು ಹುಟ್ಟಿತು. ಹೆಸರಿನ ಅರ್ಥ 'ಕಾಲಕಾರ್ಯಪತ್ರಿಕೆ'. ವಾಂಗ್ ಕಾಂಗ್‌ನಿಯೆನ್ ಎಂಬವರು ವ್ಯವಸ್ಥಾಪಕರು. 23 ವರ್ಷದ ಲಿಯಾಂಗರು ಮುಖ್ಯಲೇಖಕರು. ಹತ್ತು ದಿನಕ್ಕೊಂದು ಸಂಚಿಕೆ. ಸಂಚಿಕೆಗೆ ಸುಮಾರು ಮೂವತ್ತು ಸಾವಿರ ಅಕ್ಷರಗಳು. ಅದರಲ್ಲಿ ನಾಲ್ಕು ಸಾವಿರ ಅಕ್ಷರಗಳ ಅಗ್ರಲೇಖವನ್ನು ತಾವೇ ಬರೆಯುವದು, ಪರದೇಶದ ಪತ್ರಿಕೆಗಳಿಂದ ಭಾಷಾಂತರಿಸಿದ ಇಪ್ಪತ್ತು ಸಾವಿರ ಅಕ್ಷರಗಳನ್ನು ತಿದ್ದುವದು, ಜಾಹೀರಾತುಗಳನ್ನು ಜೋಡಿಸುವದು, ಕಡೆಗೆ ಕರಡಚ್ಚನ್ನು ಮೊದಲಿನಿಂದ ಕೊನೆಯವರೆಗೆ ನೋಡುವದು. ಬೇಸಿಗೆಯ ಸೆಕೆಗೆ ಮೇಣದ ಬತ್ತಿಗಳು ಕರಗಿ ನೀರಾಗುತ್ತಿದ್ದವು. ಮೇಲುಮಹಡಿಯ ಸಣ್ಣ ಕೋಣೆಯಲ್ಲಿ ಒಬ್ಬರೇ ಕುಳಿತು, ಬೆವರೊರಸಿಕೊಳ್ಳುತ್ತ, ಹಗಲು ಊಟಕ್ಕೂ ರಾತ್ರಿ ನಿದ್ದೆಗೂ ಬಿಡುವಿಲ್ಲದೆ ಬರೆದೆನೆಂದು ಅವರೇ ಹೇಳಿಕೊಂಡಿರುವರು. ಪತ್ರಿಕೆಯನ್ನು ನಡಿಸಿದವರಿಗೆ ಈ ಮಾತಿನ ನಿಜವು ಬೇರೆ ವಿವರಿಸಬೇಕಾಗಿಲ್ಲ.

ಮೊದಲ ಸಂಚಿಕೆಯಲ್ಲಿಯೇ ಅವರು ಪತ್ರಿಕೆಯ ಧರ್ಮವನ್ನು ನಿರೂಪಿಸಿದರು. ದೇಶವೊಂದು ದೇಹ. ಕಿವಿಕಣ್ಣುಗಳೂ ಗಂಟಲುನಾಲಗೆಗಳೂ ಕಟ್ಟಿಹೋದ ದೇಹವು ಬದುಕಿದ್ದೂ ನಿರುಪಯೋಗಿ. ಮೇಲಿನವರ ಮನಸ್ಸು ಕೆಳಗಿನವರಿಗೆ ತಿಳಿಯದು. ಕೆಳಗಿನವರ ಕಷ್ಟವು ಮೇಲಿನವರಿಗೆ ತಿಳಿಯದು. ದೇಶದ ಒಳಗಿನ ಸುದ್ದಿ ಹೊರಗೂ, ಹೊರಗಿನದು ಒಳಗೂ ಹೋಗದು. ಈ ಕಟ್ಟನ್ನು ಬಿಡಿಸುವ ವೈದ್ಯವೇ ಪತ್ರಿಕೆ. ಇದು ಅವರ ವಾದದ ತಿರುಳು. 'ಸುಧಾರಣೆಯ ವಿಚಾರ'ವೆಂಬ ಅವರ ಲೇಖಮಾಲೆಯು ಇದೇ ಪತ್ರಿಕೆಯಲ್ಲಿ ಸಂಚಿಕೆಯಿಂದ ಸಂಚಿಕೆಗೆ ಬೆಳೆಯಿತು. ಅದರಲ್ಲಿ ನಮ್ಮ ಭರತಖಂಡದ ಮಾತೂ ಬರುತ್ತದೆ, ಆದರೆ ಹೊಗಳಿಕೆಯಾಗಿ ಅಲ್ಲ, ಎಚ್ಚರಿಕೆಯಾಗಿ. ಅತ್ಯಂತ ಪುರಾತನವಾದ ದೇಶವಾಗಿದ್ದೂ ಹಳೆಯದನ್ನೇ ಹಿಡಿದು ಕುಳಿತದ್ದರಿಂದ ಭಾರತವು ಆಂಗ್ಲರ ಅಧೀನವಾಯಿತೆಂದು ತಮ್ಮವರಿಗೆ ಅವರು ತೋರಿಸಿದರು. ನಮ್ಮ ದಾಸ್ಯವು ಇನ್ನೊಬ್ಬರಿಗೆ ಪಾಠವಾದದ್ದನ್ನು ಓದುವಾಗ ಮನಸ್ಸಿಗೆ ಚುಚ್ಚದೆ ಇರದು. ಪತ್ರಿಕೆಯ ಪ್ರಸಾರವು ಹತ್ತು ಸಾವಿರವನ್ನು ಮೀರಿತು. ಆ ಕಾಲದ ಚೀನದಲ್ಲಿ ಅದು ಅಪೂರ್ವವಾದ ಸಂಗತಿ.

ಮುಂದೆ ವ್ಯವಸ್ಥಾಪಕರಿಗೂ ಇವರಿಗೂ ಮನಸ್ತಾಪ ಬೆಳೆದು, ಲಿಯಾಂಗರು 1897ರಲ್ಲಿ ಹೂನಾನಿನ ಚಾಂಗ್‌ಷಾ ಪಟ್ಟಣದ ಹೊಸ ಶಾಲೆಗೆ ಮುಖ್ಯ ಉಪಾಧ್ಯಾಯರಾಗಿ ಹೋದರು. ಹಗಲು ಪಾಠ, ರಾತ್ರಿ ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ತಿದ್ದುವ ಕೆಲಸ. ಆ ಶಿಷ್ಯರಲ್ಲಿ ತ್ಸಾಯ್ ಓ ಎಂಬ ಬಡ ಹುಡುಗನೊಬ್ಬನಿದ್ದನು. ಅವನ ಹೆಸರು ಮುಂದೆ ಬರುವದಿದೆ.

1898ರ ಬೇಸಿಗೆಯಲ್ಲಿ ತರುಣ ಬಾದಶಹನು ಕಾಂಗರ ಮಾತಿಗೆ ಕಿವಿಗೊಟ್ಟು ನೂರು ದಿನಗಳ ಸುಧಾರಣೆಯನ್ನು ಆರಂಭಿಸಿದನು. ಲಿಯಾಂಗರಿಗೂ ದರ್ಶನ ದೊರೆಯಿತು. ಭಾಷಾಂತರದ ಕಚೇರಿಯ ಕೆಲಸವೂ ದೊರೆಯಿತು. ಆದರೆ ಸಪ್ಟಂಬರದಲ್ಲಿ ವಿಧವಾ ಮಹಾರಾಣಿಯು ಅಧಿಕಾರವನ್ನು ಕಸಿದುಕೊಂಡಳು. ಸುಧಾರಕರಲ್ಲಿ ಆರು ಜನರ ಶಿರಚ್ಛೇದವಾಯಿತು. ಅವರಲ್ಲಿ ಒಬ್ಬರು ಲಿಯಾಂಗರ ಪ್ರಾಣಮಿತ್ರರಾದ ತಾನ್ ಸುತುಂಗ್. ತಪ್ಪಿಸಿಕೊಳ್ಳಲು ಅವಕಾಶವಿದ್ದೂ ಅವರು ಹೋಗಲಿಲ್ಲ. ತಮ್ಮ ಬರೆಹಗಳ ಕಟ್ಟನ್ನು ಗೆಳೆಯನ ಕೈಯಲ್ಲಿಟ್ಟು ತಾವು ಉಳಿದರು. ಲಿಯಾಂಗರು ಜಪಾನಿನ ಯುದ್ಧನೌಕೆಯನ್ನೇರಿ ಪಾರಾದರು. ಸತ್ತ ಗೆಳೆಯನ ಋಣವನ್ನು ಹೊತ್ತ ಆ ನೌಕೆಯ ಮೇಲೆಯೇ ಅವರು ಜಪಾನೀ ಕಾದಂಬರಿಯೊಂದನ್ನು ಓದಿ ಭಾಷಾಂತರಿಸಲು ತೊಡಗಿದರೆಂದರೆ ಅವರ ಸ್ವಭಾವ ಎಂಥದೆಂಬದು ತಿಳಿಯುತ್ತದೆ. ಕೆಲವರ ದುಃಖವು ಕಣ್ಣೀರಾಗಿ ಹರಿಯುತ್ತದೆ. ಇವರದು ಮಸಿಯಾಗಿ ಹರಿಯಿತು.

1898ನೆಯ ಡಿಸೆಂಬರ್ 23ರಂದು, ಅಂದರೆ ದೇಶಬಿಟ್ಟು ಮೂರು ತಿಂಗಳಾಗುವದರೊಳಗೆ, ಯೊಕೊಹಾಮಾದಲ್ಲಿ 'ಚಿಂಗಿ ಪಾವೊ' ಹೊರಟಿತು. ಅಲ್ಲಿಯ ಚೀನೀ ವ್ಯಾಪಾರಿಗಳು ಹಣ ಕೂಡಿಸಿದರು. ಪೀಕಿಂಗಿನ ಸರಕಾರವು 1900ರಲ್ಲಿ ಗುರುಶಿಷ್ಯರನ್ನು ಹಿಡಿದುಕೊಟ್ಟವರಿಗೆ ಒಂದು ಲಕ್ಷ ತೇಲ್ ಬಹುಮಾನವನ್ನು ಸಾರಿತು. ಪತ್ರಿಕೆಯನ್ನು ದೇಶದೊಳಗೆ ನಿಷೇಧಿಸಿತು. ಪತ್ರಿಕೆಯಾದರೋ ಕದ್ದು ಮುಚ್ಚಿ ಒಳಗೆ ಹೋಗುತ್ತಲೇ ಇತ್ತು. ನೂರು ಸಂಚಿಕೆಗಳಾದ ಮೇಲೆ 1901ರ ಕೊನೆಯಲ್ಲಿ ಮುದ್ರಣಾಲಯವು ಬೆಂಕಿಗೆ ಆಹುತಿಯಾಯಿತು. ಎರಡು ತಿಂಗಳೊಳಗೆ, 1902ನೆಯ ಫೆಬ್ರುವರಿಯಲ್ಲಿ, ಇನ್ನೊಂದು ಪತ್ರಿಕೆ ಎದ್ದು ನಿಂತಿತು. ಅದೇ 'ಶಿನ್‌ಮಿನ್ ತ್ಸುಂಗ್‌ಪಾವೊ'. 'ನವಪ್ರಜೆ' ಎಂದು ನಾವು ಕರೆಯಬಹುದು. ಲಿಯಾಂಗರ ಕೀರ್ತಿಗೆ ಇದು ಶಿಖರ.

ಹೆಸರಿನಲ್ಲಿಯೇ ಅದರ ತತ್ತ್ವವಿದೆ. ಇಷ್ಟು ವರ್ಷ ಬಾದಶಹನನ್ನೂ ಮಂತ್ರಿಗಳನ್ನೂ ತಿದ್ದಬೇಕೆಂದು ಹೆಣಗಿದ ಲಿಯಾಂಗರು ಈಗ ಕಂಡುಕೊಂಡದ್ದೇನೆಂದರೆ, ಪ್ರಜೆಯು ಹೊಸಬನಾಗದೆ ರಾಜ್ಯವು ಹೊಸದಾಗಲಾರದೆಂಬದು. ಒಳ್ಳೆಯ ಅರಸನಿಗಾಗಿ ಕಾದು ಕುಳಿತುಕೊಳ್ಳುವ ಜನರಿಗೆ ಒಳ್ಳೆಯ ಅರಸನು ಬಂದರೂ ಫಲವಿಲ್ಲ. ಸಾರ್ವಜನಿಕ ನೀತಿ, ಸ್ವಾಭಿಮಾನ, ಸಾಹಸ, ಹಕ್ಕು, ಕರ್ತವ್ಯ ಇವುಗಳನ್ನು ಒಂದೊಂದಾಗಿ ತೆಗೆದುಕೊಂಡು ಅವರು ಬರೆದರು. ಇದರೊಡನೆ ಬೇಕನ್, ಕಾಂಟ್, ರೂಸೋ, ಡಾರ್ವಿನ್ ಇವರ ವಿಚಾರಗಳನ್ನು ಪರಿಚಯಿಸಿದರು. ಇಟಲಿಯನ್ನು ಒಂದುಗೂಡಿಸಿದ ಮ್ಯಾಝಿನಿ, ಗ್ಯಾರಿಬಾಲ್ಡಿ, ಕಾವೂರ್ ಎಂಬ ಮೂವರು ವೀರರ ಚರಿತ್ರೆಯನ್ನು ಬರೆದರು. ಹರಿದು ಹಂಚಿಹೋದ ನಾಡೊಂದು ಮೂವರು ಭಿನ್ನಸ್ವಭಾವದ ಪುರುಷರ ದುಡಿಮೆಯಿಂದ ಒಂದಾದ ಆ ಕಥೆಯನ್ನು ಓದಿ ಚೀನೀ ತರುಣರು ರೋಮಾಂಚಗೊಂಡರು. ಇವೆಲ್ಲವೂ ಮೂಲದಿಂದ ಬಂದದ್ದಲ್ಲ. ಬಹುಭಾಗವು ಜಪಾನೀ ಪುಸ್ತಕಗಳ ಮೂಲಕ ಬಂದದ್ದು. ಜಪಾನೀಯನ್ನು ಓದಲು ಅವರು ಬೇಗನೆ ಕಲಿತು, ತಮ್ಮವರಿಗಾಗಿ ಅದರ ಸುಲಭ ಮಾರ್ಗವನ್ನು ತೋರಿಸುವ ಕೈಪಿಡಿಯನ್ನೂ ಬರೆದರು. ಜಪಾನಿನಲ್ಲಿ ರೂಢವಾದ ಎಷ್ಟೋ ಹೊಸ ಪಾರಿಭಾಷಿಕ ಶಬ್ದಗಳು ಇವರ ಪತ್ರಿಕೆಗಳ ಮೂಲಕ ಚೀನೀ ಬರೆಹದಲ್ಲಿ ಬೇರೂರಿದವು.

ಇನ್ನು ಅವರ ಶೈಲಿಯ ಮಾತು. ಚೀನೀ ಪಂಡಿತರ ಗದ್ಯವು ಶತಮಾನಗಳಿಂದ ಆಡುನುಡಿಯನ್ನು ಬಿಟ್ಟು ದೂರ ನಿಂತಿತ್ತು. ಮಿತವಾದ ಅಕ್ಷರಗಳು, ಗೂಢವಾದ ಸೂಚನೆಗಳು, ತಿಳಿದವನಿಗೆ ಮಾತ್ರ ತೆರೆಯುವ ಬಾಗಿಲು. ಲಿಯಾಂಗರು ಆ ಗದ್ಯವನ್ನು ಕೈಬಿಡಲಿಲ್ಲ. ಅದರ ಕಟ್ಟುಗಳನ್ನು ಸಡಿಲಿಸಿದರು. ಆಡುನುಡಿಯ ಮಾತು, ಪ್ರಾಸಬದ್ಧ ಪದಗಳ ಜೋಡಿ, ಪರಭಾಷೆಯ ವಾಕ್ಯರಚನೆ ಎಲ್ಲವನ್ನೂ ಕೂಡಿಸಿದರು. ಒಂದು ಪ್ರಶ್ನೆ, ಅದರ ಬೆನ್ನಿಗೆ ಇನ್ನೊಂದು. ಒಂದು ಉಪಮೆ, ಅದರ ಬೆನ್ನಿಗೆ ಹತ್ತು. 1900ರಲ್ಲಿ ಬರೆದ 'ತರುಣ ಚೀನ'ವೆಂಬ ಲೇಖದಲ್ಲಿ ಮುದುಕನನ್ನೂ ತರುಣನನ್ನೂ ಎದುರುಬದುರು ನಿಲ್ಲಿಸಿ ಹೋಲಿಕೆಗಳ ಮಳೆಯನ್ನೇ ಸುರಿಸಿದರು. ತನ್ನ ದೇಶವು ಮುದಿಯಾಯಿತೆಂಬ ಪರಕೀಯರ ಮಾತನ್ನು ಕೇಳಿ ಕುದಿಯುತ್ತಿದ್ದ ಹುಡುಗರು ಅದನ್ನು ಬಾಯಿಪಾಠ ಮಾಡಿದರು. ಹಳಬರು ಇದನ್ನು ಕಾಡುನರಿಯ ಗದ್ಯವೆಂದು ಹಳಿದರು. ಲಿಯಾಂಗರು ಅದಕ್ಕೆ ಸಿಟ್ಟಾಗಲಿಲ್ಲ. ತಮ್ಮ ಬರೆಹದಲ್ಲಿ ಅಡಚಣಿಯಿಲ್ಲದ ಸ್ಪಷ್ಟತೆಯಿದೆ, ಲೇಖನಿಯ ತುದಿಯಲ್ಲಿ ಭಾವವಿದೆ, ಆದ್ದರಿಂದಲೇ ಓದುವವರ ಮೇಲೆ ಅದಕ್ಕೊಂದು ಮೋಡಿಯಿದೆ ಎಂದು 1920ರಲ್ಲಿ ತಟಸ್ಥನಂತೆ ತಮ್ಮ ವಿಷಯವನ್ನೇ ಬರೆದರು.

ಅವರ ಶೈಲಿಯ ಮಿತಿಯನ್ನೂ ಹೇಳಬೇಕು. 1902ರಲ್ಲಿ ಜೂಲ್ ವರ್ನನ ಕಾದಂಬರಿಯೊಂದನ್ನು ಶುದ್ಧ ಆಡುನುಡಿಯಲ್ಲಿ ಭಾಷಾಂತರಿಸಲು ಹೊರಟರು. ಗಂಟೆಗೆ ಸಾವಿರ ಅಕ್ಷರಗಳಷ್ಟೇ ಸಾಗಿದವು. ಗ್ರಾಂಥಿಕವನ್ನು ಬೆರಸಿದಾಗ ಎರಡೂವರೆ ಸಾವಿರ ಅಕ್ಷರಗಳು ಸಾಗಿದವು. ಸಂಚಿಕೆಯ ದಿನವು ಬಾಗಿಲಲ್ಲಿ ನಿಂತಿತ್ತು. ಅವರು ಬೆರಕೆಯನ್ನೇ ಆರಿಸಿದರು, ಮತ್ತು ಅದನ್ನು ಓದುಗರಿಗೆ ಮುಚ್ಚಿಡದೆ ತಿಳಿಸಿದರು. ಶುದ್ಧ ಆಡುನುಡಿಯ ಸಾಹಿತ್ಯವನ್ನು ಕಟ್ಟುವ ಕೆಲಸವು ಹೂ ಷೀ ಮೊದಲಾದ ಮುಂದಿನ ತಲೆಮಾರಿನವರಿಗೆ ಉಳಿಯಿತು. ಆ ಹೂ ಷೀಯವರಾದರೂ ತಮ್ಮ ಶಾಲೆಯ ದಿನಗಳಲ್ಲಿ 'ನವಪ್ರಜೆ'ಯ ಲೇಖಗಳು ತಮ್ಮ ಕಣ್ಣು ತೆರೆಸಿದ್ದನ್ನು ಆತ್ಮಚರಿತ್ರೆಯಲ್ಲಿ ಕೃತಜ್ಞತೆಯಿಂದ ನೆನೆದಿರುವರು.

ಅದೇ 1902ರಲ್ಲಿ ಲಿಯಾಂಗರು 'ಹೊಸ ಕಾದಂಬರಿ' ಎಂಬ ಇನ್ನೊಂದು ಮಾಸಿಕವನ್ನೂ ಆರಂಭಿಸಿದರು. ಕಾದಂಬರಿಯೆಂದರೆ ಪಂಡಿತರು ಮುಟ್ಟದ ವಸ್ತುವಾಗಿದ್ದ ಕಾಲವದು. ಜನರ ಮನಸ್ಸನ್ನು ಕಾದಂಬರಿಯು ನಾಲ್ಕು ಬಗೆಯಿಂದ ಹಿಡಿಯುತ್ತದೆಂದು ಅವರು ವಿವೇಚಿಸಿದರು: ಧೂಪದ ಹೊಗೆಯಂತೆ ಸುತ್ತಿಕೊಳ್ಳುವದು, ನೀರಿನಂತೆ ನೆನೆಸುವದು, ಮುಳ್ಳಿನಂತೆ ಚುಚ್ಚುವದು, ಓದುಗನನ್ನೇ ಎತ್ತಿ ಕಥಾನಾಯಕನ ಸ್ಥಾನದಲ್ಲಿ ಕೂಡಿಸುವದು. ಆದುದರಿಂದ ಜನರನ್ನು ಹೊಸಬರನ್ನಾಗಿ ಮಾಡಬೇಕಾದರೆ ಅವರು ಓದುವ ಕಥೆಯು ಮೊದಲು ಹೊಸದಾಗಬೇಕು. ತಾವೂ 'ನವ ಚೀನದ ಭವಿಷ್ಯ'ವೆಂಬ ಕಾದಂಬರಿಯನ್ನು ತೊಡಗಿದರು. ಅರವತ್ತು ವರ್ಷಗಳ ತರುವಾಯದ ಒಂದು ಮಹೋತ್ಸವದಿಂದ ಕಥೆ ಆರಂಭವಾಗುತ್ತದೆ. ಐದು ಅಧ್ಯಾಯಗಳಾಗುವಷ್ಟರಲ್ಲಿ ನಿಂತುಹೋಗುತ್ತದೆ. ಭವಿಷ್ಯವನ್ನು ಬರೆಯಹೊರಟವರಿಗೆ ವರ್ತಮಾನವು ಬಿಡುವು ಕೊಡಲಿಲ್ಲ.

ಈಗ ದೋಷಾರೋಪಗಳ ಕಡೆಗೆ ಬರೋಣ. ಒಂದು ಕಾಲಕ್ಕೆ ಲಿಯಾಂಗರು ಕ್ರಾಂತಿಯ ಮಾತನ್ನೂ ಆಡಿದರು. 1903ರಲ್ಲಿ ಅಮೇರಿಕೆಯನ್ನು ಸುತ್ತಿ, ಅಲ್ಲಿ ನೆಲೆಸಿದ ತಮ್ಮವರ ಸಂಘಗಳ ಒಳಜಗಳಗಳನ್ನು ಕಂಡು, ಪ್ರಜಾಪ್ರಭುತ್ವಕ್ಕೆ ತಮ್ಮ ಜನರು ಇನ್ನೂ ಸಿದ್ಧರಾಗಿಲ್ಲವೆಂದು ಹಿಂದೆ ಸರಿದರು. 1905ರಲ್ಲಿ ಸನ್ ಯಾತ್‌ಸೆನ್ನರ ಪಕ್ಷದವರು ಟೋಕಿಯೋದಲ್ಲಿ 'ಮಿನ್ ಪಾವೊ' ಎಂಬ ಪತ್ರಿಕೆಯನ್ನು ತೆಗೆದು ಇವರೊಡನೆ ಎರಡು ವರ್ಷ ವಾದಿಸಿದರು. ತರುಣರಲ್ಲಿ ಬಹುಮಂದಿ ಆ ಕಡೆಗೆ ಹೋದರು. ವಿನೋದವೇನೆಂದರೆ, ಹಾಗೆ ಹೋದವರಲ್ಲಿ ಎಷ್ಟೋ ಜನರಿಗೆ ದೇಶವೆಂದರೇನು, ಪ್ರಜೆಯೆಂದರೇನು ಎಂಬ ಅಕ್ಷರಾಭ್ಯಾಸವನ್ನು ಮಾಡಿಸಿದವರು ಲಿಯಾಂಗರೇ! ಗುರುಗಳಾದ ಕಾಂಗರಿಗೂ ತಮಗೂ ಇರುವ ಭೇದವನ್ನು ಅವರು ಒಮ್ಮೆ ತಾವೇ ತೂಗಿದರು: ಗುರುಗಳಿಗೆ ಸಿದ್ಧಾಂತದ ಅಂಟು ಅತಿಯಾಯಿತು; ತಮಗೆ ಅದು ಸಾಲದಾಯಿತು. ಇಂದಿನ ತಾವು ನಿನ್ನೆಯ ತಮ್ಮೊಡನೆ ಜಗಳವಾಡಲು ಹಿಂಜರಿಯಲಿಲ್ಲವೆಂಬದು ಅವರ ತಪ್ಪೊಪ್ಪಿಗೆ.

ಇದು ಚಾಂಚಲ್ಯವೇ? ಹೌದೆನ್ನೋಣ. ಆದರೆ ಚಾಂಚಲ್ಯದಲ್ಲಿಯೂ ಎರಡು ಬಗೆಗಳಿವೆ. ಗಾಳಿ ಬಂದ ಕಡೆಗೆ ತಿರುಗುವದೊಂದು. ಕಂಡದ್ದನ್ನು ಕಂಡಂತೆ ಹೇಳುವದಕ್ಕಾಗಿ ನಿನ್ನೆಯ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುವದಿನ್ನೊಂದು. ಗ್ರಂಥಕಾರನು ತನ್ನ ಹಳೆಯ ಕರಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಕೊನೆಯ ಅಭಿಪ್ರಾಯವನ್ನಷ್ಟೇ ಲೋಕಕ್ಕೆ ತೋರಿಸಬಲ್ಲನು. ಪತ್ರಿಕೆಯವನಿಗೆ ಆ ಸೌಕರ್ಯವಿಲ್ಲ. ಅವನ ಕರಡುಗಳೇ ಸಾವಿರಾರು ಮನೆಗಳಲ್ಲಿ ದಾಖಲಾಗಿರುತ್ತವೆ. ಅವನು ತಿದ್ದಿಕೊಳ್ಳುವದೂ ಎಲ್ಲರೆದುರಿಗೆ. ಲಿಯಾಂಗರದು ಯಾವ ಬಗೆಯ ಚಾಂಚಲ್ಯವೆಂಬದನ್ನು ತಿಳಿಯಲು 1915ರ ಸಂಗತಿಯನ್ನು ನೋಡಬೇಕು.

1911ರ ಕ್ರಾಂತಿಯಿಂದ ರಾಜವಂಶವು ಉರುಳಿತು. ಹದಿನಾಲ್ಕು ವರ್ಷಗಳ ವನವಾಸವನ್ನು ಮುಗಿಸಿ ಲಿಯಾಂಗರು 1912ರಲ್ಲಿ ತಾಯ್ನಾಡಿಗೆ ಬಂದರು. ಅಧ್ಯಕ್ಷನಾದ ಯುವಾನ್ ಶಿಕಾಯಿಯನ್ನು ನಂಬಿ ನ್ಯಾಯಮಂತ್ರಿಯ ಪದವಿಯನ್ನೂ ವಹಿಸಿದರು. ಅದು ಅವರ ದೊಡ್ಡ ತಪ್ಪುಗಳಲ್ಲೊಂದು. 1915ರಲ್ಲಿ ಯುವಾನನು ಗಣರಾಜ್ಯವನ್ನು ಮುರಿದು ತಾನೇ ಬಾದಶಹನಾಗಲು ಹವಣಿಸಿದನು. ದೇಶದ ದೊಡ್ಡವರು ಬಾಯಿ ಮುಚ್ಚಿಕೊಂಡರು. ಕೆಲವರು ಜಯಘೋಷ ಮಾಡಿದರು. ಲಿಯಾಂಗರು ತಿಯೆನ್‌ತ್ಸಿನ್ನಿನ ಮನೆಯಲ್ಲಿ ಕುಳಿತು ಅದನ್ನು ವಿರೋಧಿಸಿ ಒಂದು ಲೇಖ ಬರೆದರು. ಲೇಖವು ಅಚ್ಚಾಗುವ ಮುನ್ನವೇ ಸುದ್ದಿಯು ಪೀಕಿಂಗಿಗೆ ಮುಟ್ಟಿತು. ಅದನ್ನು ಪ್ರಕಟಿಸದಿದ್ದರೆ ಎರಡು ಲಕ್ಷ ನಾಣ್ಯ ಕೊಡುವೆವೆಂದು ದೂತರು ಬಂದರು. ಹಣವು ಹಿಂದಿರುಗಿತು. ತರುವಾಯ ಬಂದವರು ಬೆದರಿಕೆಯನ್ನು ತಂದರು: ಇಷ್ಟು ವರ್ಷ ಪರದೇಶದಲ್ಲಿ ಅಲೆದ ಕಷ್ಟವು ಸಾಲದೆ, ಅದನ್ನು ಮತ್ತೆ ಏಕೆ ಮೈಮೇಲೆ ಎಳೆದುಕೊಳ್ಳುವಿರಿ ಎಂದು ಕೇಳಿದರು. ಆ ವಿದ್ಯೆಯಲ್ಲಿ ತಾನು ಪಳಗಿದವನೆಂದೂ, ಈ ಹೊಲಸು ಗಾಳಿಯಲ್ಲಿ ಉಸಿರಾಡುವದಕ್ಕಿಂತ ಅದೇ ಲೇಸೆಂದೂ ಲಿಯಾಂಗರು ಉತ್ತರವಿತ್ತರು. ಇದನ್ನೆಲ್ಲ ಅವರೇ ಮುಂದೆ ಹೇಳಿರುವರು.

ಲೇಖವು ಪ್ರಕಟವಾಯಿತು. ಅದರಲ್ಲಿಯ ವಾದವೂ ಮನನೀಯವಾದದ್ದು. ಹಿಂದೆ ರಾಜತ್ವವನ್ನು ಉಳಿಸಬೇಕೆಂದು ವಾದಿಸಿದವರು ತಾವೇ. ಈಗ ಅದನ್ನು ತರಬಾರದೆನ್ನುವವರೂ ತಾವೇ. ಇದರಲ್ಲಿ ವಿರೋಧವೆಲ್ಲಿ? ಇದ್ದ ರಾಜ್ಯಪದ್ಧತಿಯೊಳಗೆ ಒಳ್ಳೆಯ ಆಡಳಿತವನ್ನು ಬೇಡುವದು ಅವರ ಮಾರ್ಗ. ಪದ್ಧತಿಯನ್ನೇ ಬುಡಮೇಲು ಮಾಡುವದು ಅಂದೂ ಇಂದೂ ಅವರಿಗೆ ಒಪ್ಪಿಗೆಯಲ್ಲ. ಜನರ ಭಕ್ತಿಯಿಂದ ಒಮ್ಮೆ ಇಳಿದುಹೋದ ಸಿಂಹಾಸನವನ್ನು ಮತ್ತೆ ಹೊಳಪು ಕೊಟ್ಟು ಕೂಡಿಸುವದು ಯಾರಿಂದಲೂ ಆಗದು. ಅದೇ ವೇಳೆಗೆ ಚಾಂಗ್‌ಷಾದ ಆ ಹಳೆಯ ಶಿಷ್ಯ, ಈಗ ಸೇನಾಪತಿಯಾದ ತ್ಸಾಯ್ ಓ, ಗುರುಗಳೊಡನೆ ಆಲೋಚಿಸಿ ಪೀಕಿಂಗಿನಿಂದ ನುಸುಳಿ ಯುನ್ನಾನಿಗೆ ಹೋದರು. 1915ನೆಯ ಡಿಸೆಂಬರ್ 25ರಂದು ಅಲ್ಲಿ ಬಂಡಾಯವೆದ್ದಿತು. 1916ರ ಮಾರ್ಚಿಯಲ್ಲಿ ಯುವಾನನು ಕಿರೀಟದ ಆಸೆಯನ್ನು ಬಿಟ್ಟನು. ಜೂನ್ ತಿಂಗಳಲ್ಲಿ ತೀರಿಹೋದನು. ಶಾಲೆಯ ಮಾಸ್ತರರ ಲೇಖನಿ, ಶಿಷ್ಯನ ಖಡ್ಗ, ಎರಡೂ ಕೂಡಿ ಒಂದು ಗಣರಾಜ್ಯವನ್ನು ಉಳಿಸಿದವು. ಮರುವರ್ಷ, 1917ರಲ್ಲಿ, ಹಳೆಯ ರಾಜವಂಶವನ್ನು ಮತ್ತೆ ಸ್ಥಾಪಿಸುವ ಹಂಚಿಕೆ ನಡೆದಾಗ ಅದರಲ್ಲಿ ಗುರುಗಳಾದ ಕಾಂಗರೇ ಕೂಡಿದರು. ಲಿಯಾಂಗರು ಗುರುವನ್ನೂ ಬಿಡದೆ ಬಹಿರಂಗವಾಗಿ ವಿರೋಧಿಸಿದರು. ನಿದ್ದೆಗೆಡಿಸಿದ ಗುರುವಿನ ವಿರುದ್ಧ ಲೇಖನಿ ಹಿಡಿಯುವದು ಅವರಿಗೆ ಸುಲಭವಾಗಿದ್ದಿತೇ?

ಅವರ ಕೊನೆಯ ಹತ್ತು ವರ್ಷಗಳು ವಿದ್ಯೆಗೆ ಮೀಸಲಾದವು. 1919ರಲ್ಲಿ ಪ್ಯಾರಿಸಿನಿಂದ ಅವರು ಕಳಿಸಿದ ತಂತಿಯ ಆಧಾರದಿಂದ, ಶಾಂತುಂಗ್ ಪ್ರಾಂತದ ಹಕ್ಕುಗಳು ಜಪಾನಿನ ಪಾಲಾದ ಸುದ್ದಿಯು ಮೇ 2ರಂದು ಪೀಕಿಂಗಿನ ಪತ್ರಿಕೆಯಲ್ಲಿ ಬಂದಿತು. ಎರಡೇ ದಿನಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಅದೇ ಪ್ರಸಿದ್ಧವಾದ ಮೇ ನಾಲ್ಕರ ಚಳವಳ. ತರುವಾಯ ಮಿತ್ರರೊಬ್ಬರು ಯುರೋಪದ ಪುನರುಜ್ಜೀವನದ ಇತಿಹಾಸವನ್ನು ಬರೆದು ಇವರಿಂದ ಮುನ್ನುಡಿ ಬೇಡಿದರು. ಚೀನದ ವಿದ್ಯೆಯೊಡನೆ ಹೋಲಿಸುತ್ತ ಹೋದ ಮುನ್ನುಡಿಯು ಪುಸ್ತಕದಷ್ಟೇ ದೊಡ್ಡದಾಯಿತು! ಅದನ್ನು ಬೇರೆ ಗ್ರಂಥವಾಗಿ ಅಚ್ಚುಹಾಕಿಸಿ, ಅದಕ್ಕೆ ಆ ಮಿತ್ರರಿಂದಲೇ ಮುನ್ನುಡಿ ಬರೆಯಿಸಿದರು. ತಮ್ಮ ಪ್ರಸಿದ್ಧ ತಪ್ಪೊಪ್ಪಿಗೆಯಿರುವ 1920ರ ಗ್ರಂಥವು ಇದೇ. ಜೀವನದಲ್ಲಿ ತಮ್ಮ ಮತವು ರುಚಿಯ ಮತವೆಂದು ಅವರು ವಿದ್ಯಾರ್ಥಿಗಳಿಗೆ ಹೇಳುವರು. ತಮ್ಮನ್ನು ರಸಾಯನಶಾಸ್ತ್ರದಂತೆ ವಿಭಜಿಸಿ ಅದರಿಂದ ರುಚಿಯೆಂಬ ಮೂಲವಸ್ತು ತೆಗೆದರೆ ಸೊನ್ನೆಯೇ ಉಳಿಯುವದೆಂದು ಅವರ ವಿನೋದ.

1924ರಲ್ಲಿ ನಮ್ಮ ರವೀಂದ್ರರು ಚೀನಕ್ಕೆ ಹೋದದ್ದು ಲಿಯಾಂಗರು ಸ್ಥಾಪಿಸಿದ ವ್ಯಾಖ್ಯಾನ ಸಂಘದ ಆಮಂತ್ರಣದಿಂದ. ಆ ಮೇ ತಿಂಗಳು ಪೀಕಿಂಗಿನಲ್ಲಿ ಕವಿಗಳ ಜನ್ಮದಿನೋತ್ಸವವು ನಡೆದಾಗ ಲಿಯಾಂಗರು ಅವರಿಗೆ 'ಚೂ ಚೆನ್‌ತಾನ್' ಎಂಬ ಚೀನೀ ಹೆಸರನ್ನಿಟ್ಟರು. ಹಿಂದೆ ಚೀನೀಯರು ಭಾರತವನ್ನು 'ತಿಯೆನ್‌ಚೂ' ಎನ್ನುತ್ತಿದ್ದರು. ಇಲ್ಲಿಂದ ಹೋದ ಭಿಕ್ಷುಗಳಿಗೆ 'ಚೂ' ಎಂಬ ಅಡ್ಡಹೆಸರು ಬರುತ್ತಿತ್ತು. ನಮ್ಮ ಪೂರ್ವಜರು ಆ ದೇಶಕ್ಕೆ ಕೊಟ್ಟ 'ಚೀನಸ್ಥಾನ'ವೆಂಬ ಹೆಸರೇ ಅವರ ಬಾಯಲ್ಲಿ 'ಚೆನ್‌ತಾನ್' ಆಯಿತು. ಆ ಅಕ್ಷರಗಳಿಗೆ ಗುಡುಗು, ಅರುಣೋದಯ ಎಂಬ ಅರ್ಥಗಳೂ ಉಂಟು. ಎರಡು ದೇಶಗಳ ಹೆಸರುಗಳನ್ನು ಒಬ್ಬ ಕವಿಯ ಹೆಸರಿನಲ್ಲಿ ಹೆಣೆದರು. 1896ರಲ್ಲಿ ಭಾರತವನ್ನು ಎಚ್ಚರಿಕೆಯ ಉದಾಹರಣೆಯಾಗಿ ತೋರಿಸಿದ ಲೇಖನಿಯೇ 1924ರಲ್ಲಿ ಅದನ್ನು ಸೋದರನಾಗಿ ಬರಮಾಡಿಕೊಂಡಿತು.

1926ರಲ್ಲಿ ರೋಗಪೀಡಿತರಾದ ಲಿಯಾಂಗರ ಒಂದು ಮೂತ್ರಪಿಂಡವನ್ನು ಪೀಕಿಂಗಿನ ವೈದ್ಯರು ತೆಗೆದರು, ರೋಗವು ಹೋಗಲಿಲ್ಲ. ವೈದ್ಯರು ತಪ್ಪಿದರೆಂದು ಮಿತ್ರರು ಪತ್ರಿಕೆಗಳಲ್ಲಿ ಕೂಗಾಡಿದರು. ಹಾಸಿಗೆ ಹಿಡಿದ ರೋಗಿಯೇ ಲೇಖನಿ ತೆಗೆದುಕೊಂಡು, ತನ್ನೊಬ್ಬನ ನಿಮಿತ್ತವಾಗಿ ಜನರು ಹೊಸ ವೈದ್ಯಶಾಸ್ತ್ರದಲ್ಲಿ ನಂಬಿಕೆಯನ್ನು ಕಳೆದುಕೊಳ್ಳಬಾರದೆಂದು ಬರೆದನು. 1929ನೆಯ ಜನವರಿ 19ರಂದು, 56ನೆಯ ವರ್ಷದಲ್ಲಿ, ಆ ಉರಿಯು ಆರಿತು.

ಮಹನೀಯರೇ, ಪತ್ರಿಕೆಯ ಬರೆಹವು ಅಲ್ಪಾಯುಷಿಯಾದದ್ದು. ಇಂದಿನ ಹಾಳೆಯು ನಾಳೆ ಕಿರಾಣಿ ಅಂಗಡಿಯ ಪೊಟ್ಟಣವಾಗುತ್ತದೆ. ಇದನ್ನು ಬಲ್ಲವರು ಶಾಶ್ವತವಾದ ಗ್ರಂಥವನ್ನು ಬರೆಯಹೋಗುವರು, ಅದು ಯೋಗ್ಯವೇ. ಆದರೆ ಬೀಜವೂ ಮಣ್ಣಲ್ಲಿ ಕೊಳೆತೇ ಮೊಳೆಯುತ್ತದೆ. ಒಡೆದ ಕನ್ನಡ ನಾಡು 1956ರಲ್ಲಿ ಒಂದುಗೂಡುವ ಮುನ್ನ ಎಷ್ಟೋ ಹಳ್ಳಿಯ ಶಾಲೆಗಳಲ್ಲಿ ಮಾಸ್ತರರು ವಾರಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಿದ್ದನ್ನು ಹಿರಿಯರ ಬಾಯಿಂದ ಕೇಳಿದ ನಮಗೆ ಈ ಮಾತು ಹೊಸದಲ್ಲ. ಲಿಯಾಂಗರ ಅಭಿಪ್ರಾಯಗಳಲ್ಲಿ ಹಲವು ಅವರ ಜೀವಮಾನದಲ್ಲಿಯೇ ಹಳೆಯವಾದವು. ಅವರು ಎಬ್ಬಿಸಿದ ಓದುಗನು ಮಾತ್ರ ಮತ್ತೆ ಮಲಗಲಿಲ್ಲ. ಅವರನ್ನೇ ಬಿಟ್ಟು ಮುಂದಕ್ಕೆ ನಡೆದನು. ಪತ್ರಿಕೆಯವನಿಗೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆಯು ಬೇರೆ ಬೇಕೇ? ಲೇಖನಿಯನ್ನು ಹಿಡಿಯುವವರು ತಪ್ಪಬಹುದು, ಬದಲಾಗಬಹುದು, ಅರ್ಧಕ್ಕೆ ನಿಲ್ಲಿಸಬಹುದು. ಆದರೆ ಎರಡು ಲಕ್ಷ ನಾಣ್ಯಗಳು ಮೇಜಿನ ಮೇಲೆ ಬಂದ ದಿನ ಅವರು ಬಾಗಬಾರದು. ಉಳಿದ ದೋಷಗಳನ್ನೆಲ್ಲ ಓದುಗರು ಮನ್ನಿಸುವರು, ಅದೊಂದನ್ನು ಮನ್ನಿಸಲಾರರು.